ಹೋಗದ ಮೆಸೇಜುಗಳು

"ಭಾವ, ನಲವತ್ತೊಂದು ಜನಕ್ಕೆ ಮೆಸೇಜೇ ಹೋಗಿಲ್ಲ. ಎಲ್ಲಾ ಕ್ಯಾನ್ಸರ್ ಗಂಟಿನ ರಿಪೋರ್ಟು. ಎಲ್ಲಾ ಕೆಟ್ಟದ್ದೇ."

"ಬಂದು ಹದಿನೈದು ದಿನ ಆಗಿಲ್ಲ, ಆಗ್ಲೇ ನನ್ನ ಕೆಲ್ಸಕ್ಕೆ ಕೊಕ್ಕೆ ಹಾಕ್ತಿದೀಯಾ?" ಎಂದು ನಗುತ್ತಲೇ ಭಾವ ಅವಳ ಸ್ಕ್ರೀನಿಗೆ ಬಗ್ಗಿದರು. ನಗು ಅಲ್ಲೇ ನಿಂತಿತು.

ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆಯ ಲ್ಯಾಬಿಗೆ ಈ ಸಾಫ್ಟ್‌ವೇರ್ ಬರೆದವರು ಅವರೇ. ಅದನ್ನು ಹೊಸ ಸರ್ವರಿಗೆ ಸಾಗಿಸಲು ಹೆಂಡತಿಯ ತಂಗಿಯಾದ ಅವಳನ್ನು ಕೆಲಸಕ್ಕೆ ಸೇರಿಸಿದವರೂ ಅವರೇ. ರೋಗವಿದ್ದರೆ ಮಾತ್ರ ಮೆಸೇಜ್ ಬರುತ್ತದೆ, ಇಲ್ಲದಿದ್ದರೆ ನಿಶ್ಚಿಂತೆಯಿಂದಿರಿ ಎಂದು ಲ್ಯಾಬಿನ ಚೀಟಿಯಲ್ಲೇ ಅಚ್ಚಾಗಿತ್ತು. ಕೌಂಟರಿನವರು ಅವಸರದಲ್ಲಿ ಫೋನ್ ನಂಬರಿನ ಮಧ್ಯೆ ಜಾಗ ಬಿಟ್ಟು ಟೈಪ್ ಮಾಡಿದರೆ ಆ ಮೆಸೇಜ್ ಹೋಗುತ್ತಿರಲಿಲ್ಲ. ಹಳೆಯ ಸರ್ವರ್ ತುಟಿಪಿಟಕ್ಕೆನ್ನದೆ ಮುಂದಕ್ಕೆ ಸಾಗುತ್ತಿತ್ತು. ಪ್ರಯೋಗಕ್ಕೆಂದು ಹಳೆಯ ದಾಖಲೆಗಳನ್ನು ಓಡಿಸಿದಾಗ ಹೊಸದು ಅಂಥ ಪ್ರತಿಯೊಂದು ನಂಬರಿಗೂ ತಪ್ಪು ಎಂದು ತೋರಿಸಿ ನಿಂತುಬಿಟ್ಟಿತ್ತು.

ಭಾವನಿಗೆ ನೆನಪಿತ್ತು. ಉದ್ಘಾಟನೆಯ ದಿನ ಸ್ಕ್ರೀನ್ ಪದೇ ಪದೇ ಕೈಕೊಡುತ್ತಿತ್ತಂತೆ. ತಪ್ಪು ಬಂದರೂ ಸುಮ್ಮನಿರು ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದರಂತೆ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು. ಈಗ ಆ ಸಾಲನ್ನು ಹೊಸದಕ್ಕೂ ಹಾಗೇ ಇಳಿಸು, ಇನ್ನುಮುಂದೆ ಜಾಗ ಬಿಡದಂತೆ ಮಾಡಿದರೆ ಸಾಕು, ಈ ನಲವತ್ತೊಂದರ ಪಟ್ಟಿ ಅಳಿಸು ಎಂದರು.

"ನಿಮ್ಮಕ್ಕನ ಮುಖ ನೋಡಾದ್ರೂ ಸುಮ್ನಿರು, ಪುಟ್ಟಿ."

ಅವಳು ಆಗಲೇ ಒಂದು ನಂಬರಿಗೆ ಫೋನ್ ಮಾಡಿದ್ದಳು. ಲ್ಯಾಬಿನಿಂದ ಎಂದ ಕೂಡಲೇ ಆ ಕಡೆಯ ಹೆಂಗಸು, ಮಗಳು ತೀರಿಕೊಂಡು ಎರಡು ವರ್ಷವಾಯಿತು ಎಂದಿದ್ದಳು. ಮೆಸೇಜ್ ಬರಲಿಲ್ಲವಲ್ಲ ಎಂಬ ಧೈರ್ಯದಲ್ಲಿ ದೂರದ ಕಾಲೇಜಿಗೆ ಸೇರಿಸಿದ್ದರಂತೆ.

ಅವಳು ಅದನ್ನು ಹೇಳಿದ ಮೇಲೆ ಭಾವ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಹೋದ ತಿಂಗಳಿನವು ಎಷ್ಟಿವೆ?"

"ಐದು."

ಅವರು ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ತಿಳಿಸಿ, ತಪ್ಪು ತನ್ನದೇ ಎಂದೂ ಹೇಳಿದರು. ವಕೀಲರು ನಾಳೆ ಹತ್ತಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಯಾರಿಗೂ ಫೋನ್ ಮಾಡಕೂಡದು ಎಂದು ಉತ್ತರ ಬಂತು. ಸರಿ ಸರ್ ಎಂದು ಇಟ್ಟರು.

ಆಮೇಲೆ ಪಟ್ಟಿ ಎಳೆದುಕೊಂಡು ಕೊನೆಯ ನಂಬರನ್ನು ಒತ್ತಿದರು. ಎತ್ತಿದ್ದು ಎಳೆಯ ಹೆಂಗಸಿನ ದನಿ. ನಿಮ್ಮ ರಿಪೋರ್ಟಿನ ವಿಷಯ, ನಾಳೆ ಲ್ಯಾಬಿಗೆ ಬರಬೇಕು ಎಂದಾಗ, ಮಗುವನ್ನು ಶಾಲೆಗೆ ಬಿಟ್ಟು ಒಬ್ಬಳೇ ಬಂದರೆ ಸಾಲದೇ ಎಂದು ಆಕೆ ಕೇಳಿದಳು.

"ಜೊತೇಲಿ ಯಾರಾದ್ರೂ ಇದ್ರೆ ಒಳ್ಳೇದಮ್ಮ," ಎಂದರು ಭಾವ. "ಒಂಬತ್ತಕ್ಕೇ ಬನ್ನಿ."