ಗಂಧಕ ಹೊಡೆದ ಸಾಲು

ಜನವರಿಯಲ್ಲಿ ನನ್ನ ತಮ್ಮ ದುಗ್ಗುವನ್ನು ಕುಡುಕನೆಂದು ಬರೆದು ವಿಮಾನ ಹತ್ತಿಸಿದರು. ಆ ದಿನದಿಂದ ಮೇ ತಿಂಗಳವರೆಗೆ ನಾನು ಕಾದೆ. ದ್ರಾಕ್ಷಿ ಬೆಳೆಸುವವನಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ದೋಹಾದಿಂದ ಅಲ್ ಖೋರ್ ದಾಟಿ ಉತ್ತರಕ್ಕೆ ಹೋದರೆ ಸಿಗುವ ಈ ತೋಟದಲ್ಲಿ ಹದಿನಾಲ್ಕು ಸಾಲು ದ್ರಾಕ್ಷಿ. ಇಲ್ಲಿಯ ಚಳಿ ಬಳ್ಳಿಗೆ ಸಾಲುವುದಿಲ್ಲ. ಅದಕ್ಕೇ ಕಡ್ಡಿ ಸವರಿದ ಮೇಲೆ ಚಿಗುರೊಡೆಸುವ ಔಷಧಿ ಹಚ್ಚಬೇಕು. ದುಗ್ಗು ಎರಡು ದಿನ ಬರಿಗೈಯಲ್ಲಿ ಹಚ್ಚಿದ. ಮೂರನೇ ದಿನ ಮುಖ ಕೆಂಪೇರಿತು, ಕಾಲು ನಿಲ್ಲಲಿಲ್ಲ, ವಾಂತಿ. ಮ್ಯಾನೇಜರ್ ಗೋಪಿನಾಥ್ ಬಂದವರು ಕಾರಿನಿಂದ ಇಳಿಯಲೂ ಇಲ್ಲ. ಗಾಜು ಇಳಿಸಿ ನೋಡಿದರು.

"ಏನಯ್ಯಾ, ಬೆಳಗ್ಗೆ ಬೆಳಗ್ಗೆನೇ ಹಾಕ್ಕೊಂಡಿದಾನಾ ಇವನು? ನಿಮ್ಮ ಜನಾನೇ ಹೀಗೆ."

"ಸಾರ್, ಔಷಧಿ ತಾಗಿದ್ದು. ಗ್ಲೌಸ್, ಮಾಸ್ಕ್ ಕೇಳಿದ್ದೆವಲ್ಲ."

"ನಂಗೆ ಪಾಠ ಹೇಳ್ಬೇಡ."

ನಿಮ್ಮ ಜನ ಎಂದರೆ ಯಾರೆಂದು ಅವರಿಗೂ ಗೊತ್ತು, ನನಗೂ ಗೊತ್ತು. ತನಿಯ ಎಂಬ ನನ್ನ ಹೆಸರು, ದುಗ್ಗು ಎಂಬ ತಮ್ಮನ ಹೆಸರು ಯಾವ ಜಾತಿಯದೆಂದು ಪಿಕಪ್ ಓಡಿಸುವ ರೊನಾಲ್ಡ್ ಹತ್ತಿರ ಕೇಳಿ ತಿಳಿದ ದಿನವೇ ಅವರು ನಮ್ಮ ಕೈಯಿಂದ ನೀರಿನ ಬಾಟಲಿ ತಗೊಳ್ಳುವುದನ್ನು ಬಿಟ್ಟಿದ್ದರು. ಗ್ಲೌಸ್ ಕೊಡಲಿಲ್ಲ ಎಂದು ಒಪ್ಪಿಕೊಂಡರೆ ಕಂಪನಿಗೆ ಉತ್ತರ ಕೊಡಬೇಕು. ಕುಡಿದಿದ್ದ ಎಂದರೆ ಒಂದೇ ವಾರದಲ್ಲಿ ಖಲಾಸ್. ಡಬ್ಬದ ಮೇಲಿನ ಇಂಗ್ಲಿಷನ್ನು ರೊನಾಲ್ಡ್ ಆಮೇಲೆ ಓದಿ ಹೇಳಿದ: ಮೈಗೆ ತಾಗಿದರೆ ಮುಖ ಕೆಂಪಾಗುತ್ತದೆ, ತಲೆ ತಿರುಗುತ್ತದೆ. ಅಷ್ಟರಲ್ಲಿ ದುಗ್ಗು ಮಂಗಳೂರಿನಲ್ಲಿದ್ದ. ಕಳ್ಳಿನ ವಾಸನೆಗೂ ಮೂಗು ಮುಚ್ಚುವವನು. ಈಗ ಎಲ್ಲಿ ಕೆಲಸ ಕೇಳಿದರೂ ಆ ಕಾಗದ ಅವನಿಗಿಂತ ಮೊದಲು ಹೋಗಿ ಕೂತಿರುತ್ತದೆ.

ನನಗೆ ಬೇಕಿದ್ದದ್ದು ಇನ್ನೊಂದು ಕಾಗದ. ದುಗ್ಗು ಕುಡಿದಿರಲಿಲ್ಲ ಎಂದು ಗೋಪಿನಾಥರೇ ಬರೆದದ್ದು. ಬರೆಯುವಾಗ ಅವರ ಮುಖವನ್ನೂ ನೋಡಬೇಕಿತ್ತು.

ಗೋಪಿನಾಥರು ದೋಹಾದಲ್ಲಿ, ಮದೀನತ್ ಖಲೀಫಾದ ಆಫೀಸಿನಲ್ಲಿ ಕೂತು ತೋಟ ನಡೆಸುವವರು. ಪಂಪಿನ ಮನೆಯ ಗೋಡೆಗೆ ಒಂದು ಶೆಡ್ಯೂಲ್ ಅಂಟಿಸಿದ್ದರು: ಹತ್ತು ದಿನಕ್ಕೊಮ್ಮೆ ಗಂಧಕ. ನಾನು ಗೋಡೆ ನೋಡುತ್ತಿರಲಿಲ್ಲ, ಎಲೆ ಮಗುಚಿ ನೋಡುತ್ತಿದ್ದೆ. ಮಾರ್ಚಿನಲ್ಲಿ ಸಮುದ್ರದ ಕಡೆಯಿಂದ ಮಂಜು ಬಂದು ಬೂದಿ ರೋಗ ತಲೆ ಎತ್ತಿದಾಗ ಸೂರ್ಯ ಏಳುವ ಮೊದಲೇ ಗಂಧಕ ಹೊಡೆದು ಮುಗಿಸಿದೆ. ಏಪ್ರಿಲ್‌ನಲ್ಲಿ ಶಮಾಲ್ ಗಾಳಿ ಮೂರು ದಿನ ಧೂಳು ಸುರಿದಾಗ ಗೊಂಚಲು ಗೊಂಚಲನ್ನೂ ತೊಳೆದೆ. ಹಿಟ್ಟು ತಿಗಣೆಯನ್ನು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿದೆ. ಪಿಕಳಾರ ಹಕ್ಕಿಗಳು ಹಣ್ಣು ಕುಕ್ಕದಂತೆ ಬಲೆ ಕಟ್ಟಿದೆ. ಗೋಪಿನಾಥರು ಆ ಗೊಂಚಲುಗಳ ಫೋಟೋ ಅರ್ಬಾಬಿಗೆ, ಅಂದರೆ ತೋಟದ ಮಾಲೀಕನಿಗೆ, ತಮ್ಮ ಶೆಡ್ಯೂಲಿನ ಫಲವೆಂದು ಕಳಿಸಿದರು. ಅವರ ಸುಳ್ಳಿಗೆ ನಾಲ್ಕು ತಿಂಗಳು ನೀರು ಹಾಕಿದವನು ನಾನೇ.

ಮೇ ತಿಂಗಳ ಒಂದು ಬುಧವಾರ, ನಲವತ್ತೊಂದು ಡಿಗ್ರಿ ಬಿಸಿಲಲ್ಲಿ, ಗೋಪಿನಾಥರ ಫೋನ್ ಬಂತು.

"ಶನಿವಾರ ಅರ್ಬಾಬ್ ಗೆಸ್ಟ್‌ಗಳನ್ನ ಕರ್ಕೊಂಡು ಬರ್ತಾರೆ. ಇವತ್ತು ಗಂಧಕದ ದಿನ. ಮಜ್ಲಿಸ್ ಎದುರಿನ ಸಾಲು ಮೊದಲು ಹೊಡಿ."

"ಸಾರ್, ಈ ಬಿಸಿಲಿಗೆ ಗಂಧಕ ಹೊಡೆದ್ರೆ ಎಲೆ ಸುಡ್ತದೆ. ಬೇಡ."

"ನೀನೇನು ಅಗ್ರಿಕಲ್ಚರ್ ಓದಿದೀಯಾ? ಹೇಳಿದಷ್ಟು ಮಾಡು."

"ಆಯ್ತು ಸಾರ್. ಹಾಗಂತ ಬರೆದು ಕಳಿಸಿ."

ಕಳಿಸಿದರು. ಇಂಗ್ಲಿಷಿನಲ್ಲಿತ್ತು. ಸಿಟ್ಟು ಬಂದವರು ಬೇಗ ಬರೆಯುತ್ತಾರೆ.

ಹನ್ನೊಂದು ಗಂಟೆಗೆ ಹೊಡೆದೆ, ಅತಿಥಿಗಳು ಕೂರುವ ಮಜ್ಲಿಸ್ ಎದುರಿನ ಒಂದೇ ಸಾಲಿಗೆ. ಆಮೇಲೆ, ಉಳಿದ ಸಾಲುಗಳನ್ನು ಉಳಿಸಲು, ಗಂಧಕ ಹೊಡೆಯುವ ಪಂಪ್ ಕೆಟ್ಟಿದೆ ಎಂದು ಗೋಪಿನಾಥರಿಗೆ ಸುಳ್ಳು ಹೇಳಿದೆ. ನಾನೇ ಕಟ್ಟಿ ಬೆಳೆಸಿದ ಬಳ್ಳಿ. ಸುಡುತ್ತದೆ ಎಂದು ಗೊತ್ತಿದ್ದೇ ಹೊಡೆದೆ.

ಮಧ್ಯಾಹ್ನ ರೊನಾಲ್ಡ್ ಸೌತೆಕಾಯಿ ಹೇರಿಕೊಂಡು ದೋಹಾಕ್ಕೆ ಹೊರಟಿದ್ದ. ಅವನ ಪಿಕಪ್ ಹತ್ತಿ ಅಲ್ಲಿಯ ಬಿನ್ ಮಹಮೂದ್ ಬಡಾವಣೆಯ ಕ್ಲಿನಿಕ್ಕಿಗೆ ಹೋದೆ.

"ನಿಂಗೆ ಮಂಡೆ ಸಮ ಉಂಟಾ ಮಾರಾಯ?" ಎಂದ ರೊನಾಲ್ಡ್. "ಕುಡಿಯದವನಿಗೆ ಕುಡಿತದ ಟೆಸ್ಟ್ ಎಂತಕ್ಕೆ?"

"ಶನಿವಾರಕ್ಕೆ ಬೇಕಾಗ್ತದೆ."

ಶನಿವಾರದ ಹೊತ್ತಿಗೆ ಆ ಸಾಲಿನ ಎಲೆಗಳು ಹಪ್ಪಳದ ಹಾಗೆ ಸುರುಟಿ, ಕಾಯಿಗಳ ಮೇಲೆ ಕಂದು ಕಲೆ ಬಿದ್ದಿತ್ತು. ಅರ್ಬಾಬ್ ಅತಿಥಿಗಳ ಎದುರು ಒಂದು ಗೊಂಚಲು ಎತ್ತಿ ನೋಡಿ, ಹಿಂದಿಯಲ್ಲಿ ಕೇಳಿದರು, "ಇದು ಯಾರು ಮಾಡಿದ್ದು?"

ಗೋಪಿನಾಥರು ಒಂದು ಕ್ಷಣವೂ ತಡಮಾಡಲಿಲ್ಲ. "ಇವನು, ಸಾರ್. ಕುಡಿದು ಹೊಡೆದಿದ್ದಾನೆ. ಇವನ ತಮ್ಮನೂ ಹೀಗೇ."

ಜನವರಿಯಿಂದ ನಾನು ಕಾದದ್ದು ಈ ಮಾತಿಗೆ. ಜೇಬಿನಿಂದ ಕ್ಲಿನಿಕ್ಕಿನ ಚೀಟಿ ತೆಗೆದೆ. ಬುಧವಾರ, ಸಂಜೆ ನಾಲ್ಕು ಗಂಟೆ, ರಕ್ತದಲ್ಲಿ ಮದ್ಯದ ಅಂಶ ಇಲ್ಲ. ಅದರ ಪಕ್ಕದಲ್ಲಿ ಫೋನ್ ಹಿಡಿದೆ. ಗೋಪಿನಾಥರ ಆದೇಶ, ಗಂಟೆ ಸಮೇತ.

ಅರ್ಬಾಬ್ ಎರಡನ್ನೂ ಓದಿದರು. "ನಿನ್ನ ತಮ್ಮ ಯಾರು?"

ಅವರಿಗೆ ದುಗ್ಗು ನೆನಪಿರಲಿಲ್ಲ. ನೆನಪಿರುತ್ತದೆ ಎಂದು ನಾನು ಅಂದುಕೊಂಡೂ ಇರಲಿಲ್ಲ. ಅವರಿಗೆ ನೆನಪಿದ್ದದ್ದು ದ್ರಾಕ್ಷಿ. ಅದನ್ನೇ ಹಿಡಿದೆ.

"ಅವನು ಕುಡಿದಿರಲಿಲ್ಲ ಅಂತ ಇವರು ಬರೆದು ಕೊಡ್ಲಿ. ಅಲ್ಲಿವರೆಗೆ ನಾನು ನೀರಿನ ವಾಲ್ವ್ ಮುಟ್ಟುದಿಲ್ಲ. ಕೊಯ್ಲಿಗೆ ಇನ್ನು ಹದಿನೈದು ದಿನ ಉಂಟು."

"ನಿನ್ನನ್ನೂ ಕಳಿಸಬಲ್ಲೆ," ಎಂದರು ಅರ್ಬಾಬ್.

"ಕಳಿಸಿ."

ಅವರು ಗೋಪಿನಾಥರತ್ತ ತಿರುಗಿದರು. "ಇವತ್ತು ಯಾವ ಸಾಲಿಗೆ ನೀರು?"

ಗೋಪಿನಾಥರು ಫೋನ್ ತೆಗೆದು ಬೆರಳಾಡಿಸತೊಡಗಿದರು. ಬೆವರು ಪರದೆಯ ಮೇಲೆ ಬಿತ್ತು, ಒರೆಸಿದರು, ಮತ್ತೆ ಬಿತ್ತು. ಅರ್ಬಾಬ್ ಕೈ ಬೀಸಿದರು. "ಯಲ್ಲಾ, ಬೇಗ ಬರೆದು ಕೊಡು," ಎಂದು ಅತಿಥಿಗಳನ್ನು ಕರೆದುಕೊಂಡು ಮಜ್ಲಿಸ್‌ಗೆ ನಡೆದರು.

ಗೋಪಿನಾಥರು ಕಾರಿನ ಬಾನೆಟ್ ಮೇಲೆ ಕಾಗದವಿಟ್ಟು ಬರೆದರು. ಪಿಕಪ್ ಹತ್ತಿರ ನಿಂತಿದ್ದ ರೊನಾಲ್ಡ್ ಬಂದು ಗಟ್ಟಿಯಾಗಿ ಓದಿದ. 'ಒಬ್ಬ ಕೆಲಸಗಾರ' ಎಂದಿತ್ತು.

"ಹೆಸರು ಹಾಕಿ ಸಾರ್. ಗ್ಲೌಸ್ ಕೊಟ್ಟಿರಲಿಲ್ಲ ಅಂತಲೂ ಹಾಕಿ."

"ತನಿಯ, ನನಗೂ ಮಕ್ಕಳಿದ್ದಾರಪ್ಪ."

"ದುಗ್ಗುವಿಗೂ ಉಂಟು. ಸಹಿ ಹಾಕಿ."

ಎರಡನ್ನೂ ಬರೆದು ಸಹಿ ಹಾಕಿದರು. ಬಾನೆಟ್ ಸುಡುತ್ತಿತ್ತು, ಅವರ ಮುಖ ಕೆಂಪಾಗಿತ್ತು. ಅಷ್ಟೂ ಹೊತ್ತು ನಾನು ಅದರಿಂದ ಕಣ್ಣು ತೆಗೆಯಲಿಲ್ಲ. ಕಾಗದದ ಫೋಟೋ ದುಗ್ಗುವಿಗೆ ಕಳಿಸಿ, ಪಂಪಿನ ಮನೆಗೆ ಹೋಗಿ, ಹದಿಮೂರು ಸಾಲಿಗೆ ನೀರು ಬಿಟ್ಟೆ.

ಗೋಪಿನಾಥರು ಹಿಂದೆಯೇ ಬಂದಿದ್ದರು. "ಆ ಸಾಲು?"

"ಅದು ನಿಮ್ಮದು ಸಾರ್," ಎಂದೆ. "ಗೋಡೆಯಲ್ಲಿ ಶೆಡ್ಯೂಲ್ ಉಂಟು, ನೋಡಿ ನೀರು ಬಿಡಿ."