ಸುಮಾರು ಎನ್ನದ ಬರ್ನಡೀನ್

ಬರ್ನಡೀನ್ ಕುಬಿಯಾಕ್ ಅವರ ಎರಡು ಹೆಜ್ಜೆಗೆ ಸರಿಯಾಗಿ ಐದಡಿ. ಚಳಿಗಾಲದ ಜಾರುವ ಕಾಲುದಾರಿಯಾಗಲಿ, ಚರ್ಚಿನ ನುಣುಪು ನೆಲವಾಗಲಿ, ಗಂಡನ ಶವಪೆಟ್ಟಿಗೆಯ ಹಿಂದೆ ನಡೆದ ದಿನವೇ ಆಗಲಿ, ಆ ಹೆಜ್ಜೆ ಹಿಗ್ಗಿದ್ದನ್ನೂ ಕುಗ್ಗಿದ್ದನ್ನೂ ನಾನು ಕಂಡಿಲ್ಲ. ನಡೆಯುವಾಗ ಅವರ ತುಟಿಗಳು ಸಣ್ಣಗೆ ಅಲುಗುತ್ತವೆ. ಅಮೆರಿಕದ ಟೊಲೀಡೊದ ಈ ಬೀದಿಗೆ ನಾನು ಬಂದ ಮೊದಲ ವರ್ಷ ಅದನ್ನು ಕಂಡು, ಪಕ್ಕದ ಮನೆಯಲ್ಲೇ ನಿರಂತರ ಜಪ ಮಾಡುವ ಭಕ್ತೆಯೊಬ್ಬರು ಸಿಕ್ಕರಲ್ಲ ಎಂದು ಮನಸ್ಸಿನಲ್ಲೇ ದೇವರಿಗೆ ಕೃತಜ್ಞತೆ ಹೇಳಿದ್ದೆ. ಅವರು ಜಪ ಮಾಡುತ್ತಿರಲಿಲ್ಲ, ಹೆಜ್ಜೆ ಎಣಿಸುತ್ತಿದ್ದರು. "ಚರ್ಚಿನ ಬಾಗಿಲಿಂದ ನಿನ್ನ ಬೆಂಚಿಗೆ ಅರವತ್ತೆರಡು. ಮಂಡಿ ನೋವು ಬಂದ ಮೇಲೆ ಅರವತ್ತೆಂಟು ಆಗುತ್ತೆ, ಈಗ್ಲೇ ತಿಳ್ಕೊಂಡಿರು" ಎಂದು ಅವರೇ ಒಂದು ಭಾನುವಾರ ನನಗೆ ಹೇಳಿದರು.

ಮೂವತ್ತೊಂದು ವರ್ಷ ಅವರು ಶಾಲಾ ಬಸ್ಸುಗಳ ಕಚೇರಿಯಲ್ಲಿದ್ದರು. ಬಸ್ಸು ಓಡಿಸಿದವರಲ್ಲ, ಓಡಿಸುವವರಿಗೆ ದಾರಿ ಬರೆದುಕೊಟ್ಟವರು. ಯಾವ ಮೂಲೆಯಲ್ಲಿ ಹಿಮ ಮೊದಲು ಗಟ್ಟಿಯಾಗುತ್ತದೆ, ಯಾವ ಅಂಗಳದ ನಾಯಿ ಹಗ್ಗ ಬಿಚ್ಚಿಕೊಳ್ಳುತ್ತದೆ, ಯಾವ ಮಗುವಿನ ತಾಯಿ ದಿನವೂ ಎರಡು ನಿಮಿಷ ತಡ, ಯಾರನ್ನು ಯಾರ ಪಕ್ಕ ಕೂರಿಸಿದರೆ ರಕ್ತ ಬರುತ್ತದೆ ಎಂಬುದೆಲ್ಲ ಅವರಿಗೆ ಕಂಠಪಾಠ. ನಿವೃತ್ತಿಯಾಗಿ ಎಂಟು ವರ್ಷವಾದರೂ ಕಚೇರಿಯ ಆ ಕಡುನೀಲಿ ಜಾಕೆಟ್ಟನ್ನು ಅವರು ಬಿಟ್ಟಿಲ್ಲ. ಜಿಪ್ಪು ಕಿತ್ತುಹೋಗಿ ನಾಲ್ಕು ಸೇಫ್ಟಿ ಪಿನ್ನುಗಳ ಮೇಲೆ ನಿಂತಿರುವ ಆ ಅಂಗಿಯ ಜೇಬಿನಲ್ಲಿ ಸದಾ ಮೂರು ಮೊಂಡು ಪೆನ್ಸಿಲುಗಳಿರುತ್ತವೆ. ಮದುವೆಯ ಊಟಕ್ಕೂ ಅದನ್ನೇ ತೊಟ್ಟು ಬಂದದ್ದನ್ನು ನಾನು ನೋಡಿದ್ದೇನೆ. ಅವರು ಒಪ್ಪದ ಪದವೊಂದಿದೆ. "ಸುಮಾರು ಎಂಟು ಗಂಟೆಗೆ ಬರ್ತೀನಿ" ಎಂದು ಯಾರಾದರೂ ಅಂದರೆ ಸಾಕು, "ಸುಮಾರು ಅನ್ನೋದು ಬಸ್ಸು ತಪ್ಪಿದೋರ ಮಾತು" ಎನ್ನುತ್ತಾರೆ. ಚರ್ಚಿನ ಗುರುಗಳಿಗೂ ಹಾಗೆಯೇ ಅಂದದ್ದುಂಟು.

ಇಂಥವರು ತಮ್ಮ ಸಂಸಾರದ ಹತ್ತು ಜನರನ್ನು ಐದು ದಿನಗಳ ಮಟ್ಟಿಗೆ ಫ್ಲಾರಿಡಾದ ದೊಡ್ಡ ಥೀಮ್ ಪಾರ್ಕಿಗೆ ಕರೆದೊಯ್ಯಲು ನಿರ್ಧರಿಸಿದರೆಂದರೆ ಸಿದ್ಧತೆ ಹೇಗಿದ್ದೀತು ಎಂಬುದನ್ನು ನಾನು ಒಂದು ಇಡೀ ಚಳಿಗಾಲ ಕಣ್ಣಾರೆ ಕಂಡೆ. ಊಟದ ಮೇಜಿನ ಕಸೂತಿ ಬಟ್ಟೆಯ ಮೇಲೆ ಹಾಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಳಗೆ, ಅಡುಗೆಯ ವಿಧಾನ ಬರೆದಿಡುವ ಪುಟ್ಟ ಕಾರ್ಡುಗಳನ್ನು ಅವರು ಸಾಲಾಗಿ ಜೋಡಿಸತೊಡಗಿದರು. ಒಂದು ಕಾರ್ಡಿಗೆ ಒಂದು ಗಂಟೆ. ಮೊಟ್ಟಮೊದಲು ಬರೆದದ್ದು ಭಾನುವಾರದ ಏಳೂವರೆಯ ಚರ್ಚಿನ ಬಲಿಪೂಜೆ. ಉಳಿದ ನಾಲ್ಕು ದಿನಗಳು ಅದರ ಸುತ್ತ ಬೆಳೆದವು. ನೆರಳು ಎಲ್ಲಿ, ಶೌಚಾಲಯ ಎಲ್ಲಿ, ಮಧ್ಯಾಹ್ನದ ಮಳೆ ಬಂದರೆ ಯಾವ ಸೂರಿನ ಕೆಳಗೆ ಹತ್ತು ಜನ ನಿಲ್ಲಬಹುದು ಎಂಬುದನ್ನೆಲ್ಲ ಹಿಂದೆ ಹೋಗಿಬಂದವರನ್ನು ಕೇಳಿ ಕೇಳಿ ಬರೆದರು. ಅವರು ಸ್ವತಃ ಅಲ್ಲಿಗೆ ಹೋದವರೇ ಅಲ್ಲ.

ಮಗುವಿನ ತಳ್ಳುಗಾಡಿಯನ್ನು ಎಷ್ಟು ಹೊತ್ತು ತಳ್ಳಿದರೆ ಮನುಷ್ಯನ ಸಹನೆ ಮುಗಿಯುತ್ತದೆ ಎಂದು ತಿಳಿಯಲು ಅಟ್ಟದ ಹಳೆಯ ಗಾಡಿಯನ್ನಿಳಿಸಿ, ಅದರಲ್ಲಿ ಒಂದು ಚೀಲ ಆಲೂಗಡ್ಡೆ ಕೂರಿಸಿ, ಮೇಲೆ ಹೊದಿಕೆ ಹೊದಿಸಿ, ಜನವರಿಯ ಒಂದು ಬೆಳಿಗ್ಗೆ ಶಾಪಿಂಗ್ ಮಾಲಿನೊಳಗೆ ಸುತ್ತು ಹಾಕತೊಡಗಿದರು. ನಾನೂ ಜೊತೆಗಿದ್ದೆ. ಕಾವಲಿನವನು ಬಂದು ಬಗ್ಗಿ ನೋಡಿದ. ಚಿಕ್ಕಂದಿನಲ್ಲಿ ಅವರದೇ ಹದಿನೇಳನೇ ನಂಬರಿನ ಬಸ್ಸಿನಲ್ಲಿ ಶಾಲೆಗೆ ಹೋದವನಂತೆ.

"ಮಿಸೆಸ್ ಕುಬಿಯಾಕ್, ಇದರಲ್ಲಿರೋದು ಆಲೂಗಡ್ಡೆ."

"ಈಗ ತಾನೇ ಮಲಗಿದೆ, ಎಬ್ಬಿಸ್ಬೇಡ" ಎಂದು ಅವರು ಹೆಜ್ಜೆ ತಪ್ಪಿಸದೆ ಮುಂದೆ ಹೋದರು. ಒಂದು ಗಂಟೆ ಹತ್ತು ನಿಮಿಷಕ್ಕೆ ಸಹನೆ ಮುಗಿಯಿತು. ಅದು ಕಾರ್ಡಿಗೆ ಬಂತು.

ಮೊಮ್ಮಕ್ಕಳಲ್ಲಿ ಕೊನೆಯವನಾದ ಬೆನ್ನಿ ಎಂಬವನಿಗೆ ಆ ಪಾರ್ಕಿನಲ್ಲಿ ಏರಿಳಿದು ಓಡುವ ಒಂದು ದೊಡ್ಡ ಆಟದ ಬಂಡಿಯ ಆಸೆ. ಅದಕ್ಕೆ ಇಷ್ಟು ಎತ್ತರವಿರಬೇಕೆಂಬ ನಿಯಮವಿದೆ, ಅವನು ಕೂದಲೆಳೆಯಷ್ಟು ಕುಳ್ಳ. ಬೂಟಿನೊಳಗೆ ಕಾಗದ ಮಡಿಸಿಟ್ಟರಾಯಿತೆಂದು ಅವನ ಅಪ್ಪ ಜೆರೋಮ್ ಸಲಹೆ ಕೊಟ್ಟ. ಬರ್ನಡೀನ್ ಒಪ್ಪಲಿಲ್ಲ. ಆ ಅಳತೆ ಮಗು ಜಾರಿ ಬೀಳದಿರಲಿ ಎಂದು ಇಟ್ಟದ್ದು, ಅದಕ್ಕೆ ಸುಳ್ಳು ಹೇಳುವುದು ಮಗುವಿಗೇ ಹೇಳಿದಂತೆ ಎಂದರು. ಆದರೆ ಕೈಕಟ್ಟಿ ಕೂರುವ ಪೈಕಿಯೂ ಅಲ್ಲವಲ್ಲ. ಮಕ್ಕಳು ಬೆಳಿಗ್ಗೆ ತುಸು ಉದ್ದವಿರುತ್ತಾರೆ, ಸಂಜೆಯ ವೇಳೆಗೆ ಕುಗ್ಗುತ್ತಾರೆ ಎಂದು ಎಲ್ಲೋ ಓದಿದ್ದರು. ಅವನು ಅಜ್ಜಿಮನೆಯಲ್ಲಿದ್ದ ರಜೆಯ ಅಷ್ಟೂ ದಿನ ಉಗ್ರಾಣದ ಬಾಗಿಲಿಗೆ ಒರಗಿಸಿ ಎರಡು ಹೊತ್ತೂ ಅಳೆದರು. "ಬೂಶ, ನಾನು ಬೆಳಿಗ್ಗೆ ದೊಡ್ಡೋನಾ?" ಎಂದು ಅವನು ಕೇಳುತ್ತಿದ್ದ. ಪೋಲಿಷ್ ಮೂಲದ ಈ ಮನೆಗಳಲ್ಲಿ ಅಜ್ಜಿಗೆ ಬೂಶ ಎನ್ನುತ್ತಾರೆ. "ಎದ್ದ ತಕ್ಷಣ ದೊಡ್ಡೋನು, ಹಟ ಮಾಡಿದ್ರೆ ಮತ್ತೆ ಚಿಕ್ಕೋನು" ಎನ್ನುತ್ತಿದ್ದರು. ಆ ಬಂಡಿ ಮೊದಲ ದಿನದ ಮೊದಲ ಕಾರ್ಡಾಯಿತು.

ಇಷ್ಟೆಲ್ಲ ಶ್ರಮ ಆಟದ ಬಂಡಿಗಾಗಿ ಅಲ್ಲವೆಂದು ನನಗೆ ಗೊತ್ತಿತ್ತು. ಅವರ ಮಗ ಜೆರೋಮ್ ಮತ್ತು ಮಗಳು ಡೆನೀಸ್ ನಾಲ್ಕು ವರ್ಷದಿಂದ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ತಂದೆ ಚೆಟ್ ಆಸ್ಪತ್ರೆಯಲ್ಲಿದ್ದಾಗ ಅಣ್ಣತಂಗಿ ಸರದಿಯಲ್ಲಿ ಕಾಯುತ್ತಿದ್ದರು. ಮೂರು ದಿನ ಕಣ್ಣು ಮುಚ್ಚದ ಜೆರೋಮ್ ಮನೆಗೆ ಹೋಗಿ, ಫೋನು ಆಫ್ ಮಾಡಿ ಮಲಗಿದ. ಅದೇ ರಾತ್ರಿ ತಂದೆ ಹೋದರು. ಡೆನೀಸ್ ಹನ್ನೊಂದು ಸಲ ಕರೆ ಮಾಡಿದ್ದಳು. ಶವಸಂಸ್ಕಾರದ ಊಟದಲ್ಲಿ ಎಲ್ಲರೆದುರು, "ಅಪ್ಪನಿಗಿಂತ ನಿನಗೆ ನಿದ್ದೆ ಹೆಚ್ಚಾಯ್ತು" ಎಂದಳು. ಅವನು ತಟ್ಟೆ ಅಲ್ಲೇ ಬಿಟ್ಟು ಎದ್ದುಹೋದ.

ಕ್ರಿಸ್‌ಮಸ್‌ನ ಮುನ್ನಾ ಸಂಜೆ ಈ ಜನ ಆಶೀರ್ವದಿಸಿದ ಗೋಧಿ ಹಿಟ್ಟಿನ ತೆಳ್ಳನೆಯ ಬಿಳಿ ಬಿಲ್ಲೆಯೊಂದನ್ನು ಮುರಿದು, ಒಬ್ಬರ ತುಣುಕಿನಿಂದ ಇನ್ನೊಬ್ಬರು ಚೂರು ಕಿತ್ತುಕೊಂಡು, ವರ್ಷದ ತಪ್ಪುಗಳನ್ನು ಮನ್ನಿಸಿ ಊಟಕ್ಕೆ ಕೂರುತ್ತಾರೆ. ಚೆಟ್ ಹೋದ ಮೇಲೆ ಬರ್ನಡೀನ್ ಅವರ ಮನೆಯಲ್ಲಿ ಆ ಊಟ ಎರಡು ಪಂಕ್ತಿಯಾಯಿತು. ನಾಲ್ಕು ಗಂಟೆಗೆ ಡೆನೀಸಳ ಮನೆಯವರು, ಏಳಕ್ಕೆ ಜೆರೋಮನ ಮನೆಯವರು, ನಡುವೆ ಪಾತ್ರೆ ತೊಳೆಯಲು ಒಂದು ಗಂಟೆ. ಬಿಲ್ಲೆಯನ್ನು ಅವರು ಎರಡು ಸಲ ಮುರಿಯುತ್ತಿದ್ದರು. ಈ ವಿಷಯದಲ್ಲಿ ಅವರು ನನ್ನ ಹತ್ತಿರ ಒಮ್ಮೆಯೂ ಅತ್ತಿಲ್ಲ. ಪಾತ್ರೆ ಒರೆಸಲು ನನ್ನನ್ನು ಕರೆಯುತ್ತಿದ್ದರು, ಅಷ್ಟೆ.

ಮಾರ್ಚಿನ ಮೊದಲ ವಾರ ಯೋಜನೆ ಪೂರ್ತಿಯಾಯಿತು. ನನ್ನನ್ನು ಕರೆದು ತೋರಿಸಿದರು. ಹಸಿರು ಕಾರ್ಡು ಜೆರೋಮನ ಐದು ಜನರದು, ಗುಲಾಬಿ ಬಣ್ಣದ್ದು ಡೆನೀಸಳ ನಾಲ್ಕು ಜನರದು, ನೀಲಿ ಅವರದು. ಹಸಿರು ಪಾರ್ಕಿನ ಪೂರ್ವಕ್ಕಿದ್ದಾಗ ಗುಲಾಬಿ ಈಜುಕೊಳದಲ್ಲಿ. ಗುಲಾಬಿ ಊಟಕ್ಕೆ ಕೂತಾಗ ಹಸಿರು ದೋಣಿಯಲ್ಲಿ. ನೀಲಿ ಎರಡರ ನಡುವೆ ಓಡಾಡುತ್ತಿತ್ತು. ಐದು ದಿನ, ಹತ್ತು ಜನ, ಒಂದೇ ಒಂದು ನಿಮಿಷವೂ ಡಿಕ್ಕಿಯಿಲ್ಲ. ನುರಿತ ಕೈಯ ಕೆಲಸ ಎಷ್ಟು ಚೆಂದವಿರುತ್ತದೆಂದು ನಾನು ನೋಡುತ್ತಾ ನಿಂತೆ. ಅವರೂ ಹೆಮ್ಮೆಯಿಂದ ಬೆರಳಿಟ್ಟು ವಿವರಿಸುತ್ತಿದ್ದವರು ಮೂರನೇ ದಿನದ ಮಧ್ಯಾಹ್ನಕ್ಕೆ ಬಂದು ತಡೆದರು. ಬೆರಳು ಅಲ್ಲೇ ಉಳಿಯಿತು.

"ಮೂವತ್ತೊಂದು ವರ್ಷ ಜಗಳಗಂಟ ಮಕ್ಕಳನ್ನ ದೂರ ದೂರ ಕೂರಿಸಿದ್ದೇ ಬಂತು ಕಣೇ," ಎಂದರು. "ಇಲ್ಲೂ ಅದನ್ನೇ ಮಾಡಿದೀನಿ ನೋಡು."

ಅಷ್ಟೂ ಕಾರ್ಡುಗಳನ್ನು ಬಳಿದು, ರಬ್ಬರ್ ಬ್ಯಾಂಡು ಹಾಕಿ, ಡ್ರಾಯರಿನೊಳಗೆ ನೂಕಿದರು. ಮೂರು ವಾರ ಆ ಮೇಜು ಬರಿದಾಗಿತ್ತು. ಆ ಮೂರು ವಾರ ನನ್ನ ಜಪಮಾಲೆಯ ಮಣಿಗಳಲ್ಲಿ ಅವರದೂ ಒಂದು ಸೇರಿಕೊಂಡಿತು.

ಏಪ್ರಿಲಿನ ಒಂದು ಮಂಗಳವಾರ ಬೇಲಿಯ ಬಳಿ ಕರೆದರು. ಗುರುವಾರ ಬೆಳಿಗ್ಗೆ ಐದೂ ಮೂವತ್ತೈದಕ್ಕೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ಕೂತಿರಬೇಕಂತೆ. "ಹೊರಗಿನೋರು ಒಬ್ರಿದ್ರೆ ದನಿ ಏರಲ್ಲ" ಎಂದರು. ಐದೂವರೆಗೇ ಬರಲೇ ಎಂದು ಕೇಳಿದೆ. "ಐದೂವರೆಗೆ ಕಾಫಿ ಆಗಿರಲ್ಲ."

ವಿಷಯ ಇಷ್ಟು. ಪಾರ್ಕಿನ ದೊಡ್ಡ ಊಟದ ಮನೆಯಲ್ಲಿ ಜಾಗ ಹಿಡಿಯಬೇಕಾದರೆ ಅರವತ್ತು ದಿನ ಮುಂಚೆ, ಬೆಳಿಗ್ಗೆ ಆರಕ್ಕೆ ಸರಿಯಾಗಿ ಫೋನಿನಲ್ಲಿ ಒತ್ತಬೇಕು. ಕ್ಷಣಗಳಲ್ಲಿ ಎಲ್ಲ ಮುಗಿದುಹೋಗುತ್ತದೆ. ಒಂದು ಮೇಜಿಗೆ ಆರು ಜನರಿಗಿಂತ ಹೆಚ್ಚು ಕೊಡುವುದಿಲ್ಲ. ಹತ್ತು ಜನ ಒಟ್ಟಿಗೆ ಉಣ್ಣಬೇಕೆಂದರೆ ಇಬ್ಬರು ಪಕ್ಕಪಕ್ಕ ಕೂತು, ಒಂದೇ ಹೊತ್ತಿನ ಎರಡು ಮೇಜುಗಳನ್ನು ಒಂದೇ ಉಸಿರಿನಲ್ಲಿ ಹಿಡಿಯಬೇಕು. ತಮ್ಮ ಬೆರಳಿಗೆ ಆ ಫೋನಿನ ಗಾಜು ಬಗ್ಗುವುದಿಲ್ಲ, ಬಂದು ಮಾಡಿಕೊಡು ಎಂದು ಮಗನಿಗೂ ಹೇಳಿದ್ದರು, ಮಗಳಿಗೂ ಹೇಳಿದ್ದರು. ಇಬ್ಬರಿಗೂ ಬೇರೆ ಬೇರೆಯಾಗಿ.

ಡೆನೀಸ್ ಮೊದಲು ಬಂದಳು. ಗಾಜಿಗೆ ಹಿಮ ಕೂರುತ್ತದೆಂದು ಹೇಳಿ ಅವಳ ಕಾರನ್ನು ಗ್ಯಾರೇಜಿನೊಳಗೆ ಹಾಕಿಸಿದರು. ಹಾಗಾಗಿ ಐದೂ ಐವತ್ತಕ್ಕೆ ಹಿತ್ತಿಲ ಬಾಗಿಲು ತೆರೆದ ಜೆರೋಮನಿಗೆ ಒಳಗೆ ತಂಗಿಯಿದ್ದಾಳೆಂಬ ಸುಳಿವೇ ಇರಲಿಲ್ಲ. ಅವನ ಕೈ ಬಾಗಿಲ ಹಿಡಿಯ ಮೇಲೆಯೇ ಉಳಿಯಿತು.

"ಅಮ್ಮ, ಏನಿದು?"

"ಶೂ ಬಿಚ್ಚು. ನೆಲ ಒರೆಸಿದೀನಿ."

ಡೆನೀಸ್ ಬಟ್ಟಲು ಕೆಳಗಿಟ್ಟಳು. "ನನಗೊಂದು ಮಾತು ಹೇಳ್ಬೇಕಿತ್ತು ನೀನು."

"ಹೇಳಿದ್ರೆ ಬರ್ತಿದ್ಯಾ?"

"ಇಲ್ಲ."

"ಮತ್ತೆ?"

ಜೆರೋಮ್ ಶೂ ಬಿಚ್ಚಿದ. ಐವತ್ತರ ಹತ್ತಿರದ ಆ ಭಾರಿ ಆಳು ಕಾಲುಚೀಲದಲ್ಲಿ ನಿಂತಾಗ ಹತ್ತು ವರ್ಷದವನಂತೆ ಕಂಡ. ಮೇಜಿನ ಎರಡು ತುದಿಗಳಲ್ಲಿ ಇಬ್ಬರೂ ಫೋನು ಹಿಡಿದು ತಲೆ ತಗ್ಗಿಸಿ ಕೂತರು. ಬರ್ನಡೀನ್ ಬೆನ್ನು ತಿರುಗಿಸಿ ಬಾಣಲೆಯಲ್ಲಿ ಸಾಸೇಜು ಹೊರಳಿಸುತ್ತಿದ್ದರು. ಆರಕ್ಕೆ ಇನ್ನೂ ಎರಡು ನಿಮಿಷವಿತ್ತು.

ತಲೆಯೆತ್ತದೆ ಡೆನೀಸ್ ಕೇಳಿದಳು: "ಫೋನ್ ಆನ್ ಇದೆ ತಾನೇ?"

ಅದು ಕೆಲಸದ ಮಾತೋ, ಹಳೆಯ ಚೂರಿಯೋ ನನಗೆ ತಿಳಿಯಲಿಲ್ಲ. ಪ್ರಾಯಶಃ ಅವಳಿಗೂ ತಿಳಿದಿರಲಿಲ್ಲ. ಬಾಣಲೆಯ ಮೇಲೆ ಬರ್ನಡೀನ್ ಅವರ ಕೈ ನಿಂತುಹೋಯಿತು. ತಿರುಗಿ ನೋಡಲಿಲ್ಲ.

"ಅವತ್ತಿಂದ ಒಂದು ರಾತ್ರಿನೂ ಆಫ್ ಮಾಡಿಲ್ಲ, ಡೆನೀಸ್" ಎಂದ ಜೆರೋಮ್.

ಸಾಸೇಜು ಒಂದು ಪಕ್ಕ ಸೀದ ವಾಸನೆ ಬಂತು. ಆ ಮನೆಯಲ್ಲಿ ಏನಾದರೂ ಸೀದದ್ದು ನಾನು ಕಂಡಂತೆ ಅದೇ ಮೊದಲು. ಆಮೇಲೆ ಬರ್ನಡೀನ್, ಬೆನ್ನು ತಿರುಗಿಸಿಕೊಂಡೇ, ಬಸ್ಸು ಹೊರಡಿಸುವ ದನಿಯಲ್ಲಿ ಹೇಳಿದರು: "ಆರು ಗಂಟೆ."

"ನಂಗೆ ಐದೂ ನಲವತ್ತು ತೋರಿಸ್ತಿದೆ, ಸಂಜೆದು" ಎಂದಳು ಡೆನೀಸ್.

"ನಂಗೆ ಐದೂ ಇಪ್ಪತ್ತು. ತಾಳು, ತಾಳು. ಬಂತು, ಐದೂ ನಲವತ್ತು ಬಂತು."

"ಒತ್ತು ಮತ್ತೆ."

"ನೀನು ಮೊದ್ಲು ಒತ್ತು. ನಿಂದು ಸಿಗದೆ ನಂದೊಂದೇ ಸಿಕ್ರೆ?"

"ಇಬ್ರೂ ಒಟ್ಟಿಗೆ ಒತ್ರೋ ಕತ್ತೆಗಳಾ" ಎಂದರು ತಾಯಿ.

ಒತ್ತಿದರು. ಎರಡೂ ಮೇಜು ಸಿಕ್ಕವು. ಡೆನೀಸ್ ಫೋನನ್ನು ಮಗುಚಿಟ್ಟು, ಅದರ ಮೇಲೆ ಅಂಗೈಯಿಟ್ಟು, "ಕೊನೇಗೆ ಅಪ್ಪ ಏನಂದ್ರು ಅಂತ ನೀನು ಕೇಳ್ಲೇ ಇಲ್ವಲ್ಲ, ಜೆರಿ" ಎಂದಳು. ಅವನು ಕುರ್ಚಿಯನ್ನು ಅವಳತ್ತ ಎಳೆದುಕೊಂಡ. ನಾನು ಬಟ್ಟಲು ತೊಳೆದಿಡುವ ನೆಪದಲ್ಲಿ ಎದ್ದೆ. ಕೇಳುವುದು ನನ್ನ ಸ್ವಭಾವ, ಆದರೆ ಅದು ನಾನು ಕೇಳುವ ಮಾತಾಗಿರಲಿಲ್ಲ. ಹೊರಡುವಾಗ ಪ್ಲಾಸ್ಟಿಕ್ ಹಾಳೆಯ ಕೆಳಗೆ ಒಂದು ಬಿಳಿ ಕಾರ್ಡು ಕಂಡಿತು. ಐದೂ ಮೂವತ್ತೈದು, ಕಾಫಿ. ಐದೂ ನಲವತ್ತೈದು, ಡೆನೀಸ್, ಕಾರು ಒಳಗೆ. ಐದೂ ಐವತ್ತು, ಜೆರೋಮ್, ಶೂ. ಆರು, ಮೇಜು. ಅದರ ಕೆಳಗೆ ಅರ್ಧ ಕಾರ್ಡು ಖಾಲಿ.

ಬೆರಳಿಗೆ ಗಾಜು ಬಗ್ಗುವುದಿಲ್ಲವೆಂದದ್ದು ಸುಳ್ಳು. ಹಿಂದಿನ ತಿಂಗಳಷ್ಟೇ ಚರ್ಚಿನ ಹೆಂಗಸರಿಗೆಲ್ಲ ಅವರೇ ತಮ್ಮ ಫೋನಿನಿಂದ ಬಸ್ಸು ಗೊತ್ತುಮಾಡಿದ್ದರು. ಆ ಶನಿವಾರ ಪಾಪನಿವೇದನೆಯ ಸಾಲಿನಲ್ಲಿ ನನಗಿಂತ ಮುಂದೆ ನಿಂತಿದ್ದರು. ಒಳಗೆ ಹೋದವರು ಬೇಗನೆ ಹೊರಬಂದರು. ಜೂನಿನಲ್ಲಿ ಹತ್ತೂ ಜನ ಹೋಗಿಬಂದರು. ಯೋಜನೆ ಹೇಗೆ ನಡೆಯಿತೆಂದು ಕೇಳಿದೆ. ಎರಡನೇ ದಿನ ಮಳೆ ಹಿಡಿದು ಹದಿನಾಲ್ಕು ಕಾರ್ಡು ಹೋಯಿತೆಂದರು. ಸುಮಾರು ಹದಿನಾಲ್ಕಲ್ಲ, ಹದಿನಾಲ್ಕೇ.

ಗಡಿಯಾರ ಹಿಡಿದು ಬದುಕುವವರನ್ನು ಕಂಡರೆ ನಮ್ಮಂಥವರಿಗೆ ಒಳಗೊಳಗೇ ಒಂದು ತಾತ್ಸಾರವಿರುತ್ತದೆ. ಇವರಿಗೆ ದೇವರ ಮೇಲೆ ಭಾರ ಹಾಕಲು ಬರುವುದಿಲ್ಲ, ಎಲ್ಲವನ್ನೂ ತಾವೇ ನಡೆಸಬೇಕೆನ್ನುತ್ತಾರೆ ಎಂದುಕೊಳ್ಳುತ್ತೇವೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆ ಗುರುವಾರದ ಮೇಲೆ ನನ್ನ ತಿಳಿವಳಿಕೆ ಬದಲಾಗಿದೆ. ಮನುಷ್ಯನ ಕೈಯಲ್ಲಿರುವುದು ಎಲ್ಲಿಯವರೆಗೆ ಎಂಬ ಗಡಿಯನ್ನು ಇಂಥವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಆ ಗಡಿಯವರೆಗಿನ ದಾರಿಯನ್ನು ಕಲ್ಲು ಮುಳ್ಳು ಆರಿಸಿ, ನಿಮಿಷ ನಿಮಿಷ ಅಳೆದು, ಇಬ್ಬರನ್ನು ತಂದು ಒಂದು ಮೇಜಿನ ಮುಂದೆ ಕೂರಿಸುತ್ತಾರೆ. ಕೂತವರು ಏನು ಮಾತಾಡಬೇಕೆಂದು ಮಾತ್ರ ಬರೆದುಕೊಡುವುದಿಲ್ಲ. ನಾವು ಭಕ್ತರೆನಿಸಿಕೊಂಡವರು ಅರ್ಧ ದಾರಿಯಲ್ಲೇ ಕೈಚೆಲ್ಲಿ, ಉಳಿದದ್ದು ದೇವರದೆಂದು ಹೇಳಿ ಕೂತುಬಿಡುತ್ತೇವೆ. ಅದರಲ್ಲಿ ನಂಬಿಕೆಯೆಷ್ಟು, ಮೈಗಳ್ಳತನವೆಷ್ಟು ಎಂದು ನಾನಿನ್ನೂ ಪೂರ್ತಿ ಅಳೆದುಕೊಂಡಿಲ್ಲ.