ಹಿಡಿದು ಬಿಟ್ಟ ಕಾಲು

ವಿಜಯಶ್ರೀಗೆ ಕಬಡ್ಡಿಯ ಹುಚ್ಚು ಹತ್ತಿದ್ದು ಗೆಲ್ಲುವ ಆಸೆಯಿಂದಲ್ಲ, ಬೀಳುವ ಸುಖದಿಂದ ಎಂದರೆ ಯಾರೂ ನಂಬಲಿಕ್ಕಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯ ಮೈದಾನದಲ್ಲಿ ಒಬ್ಬ ಹುಡುಗಿ ಸೊಂಟಕ್ಕೆ ಕೈ ಹಾಕಿ ಅವಳನ್ನು ಧೊಪ್ಪನೆ ಕೆಡವಿದಳು. ಮೊಣಕೈ ತರಚಿತು, ಬಾಯಿಗೆ ಮಣ್ಣು ಹೋಯಿತು, ಅಷ್ಟಾದರೂ ಬಿದ್ದಲ್ಲೇ ನಗು ಬಂತು. ಅಲ್ಲಿಯವರೆಗೆ ಯಾರೂ ಅವಳನ್ನು ಹಾಗೆ ಮುಟ್ಟಿರಲಿಲ್ಲ.

ಮುಟ್ಟುವುದು ಹೇಗೆ? ಅವಳು ಬಿಲ್ಲಗುಡ್ಡದ ಸಣ್ಣ ದೊರಸಾನಿ. ರಾಯಚೂರು ಸೀಮೆಯ ಆ ಸಂಸ್ಥಾನಕ್ಕೆ ಈಗ ಉಳಿದಿರುವುದು ಒಂದು ಜರಿದ ಕೋಟೆ, ಮತ್ತು ನಿಜಾಮರ ಕಾಲದಲ್ಲಿ ಅಜ್ಜ ಹೈದರಾಬಾದಿನ ಕಾಚಿಗೂಡದಲ್ಲಿ ಕಟ್ಟಿಸಿದ ಮನೆ, ಅಷ್ಟೆ. ಆದರೆ ಆ ಮನೆ ರೈಲು ಸ್ಟೇಷನ್ನಿಗೆ ಹತ್ತಿರವಿದ್ದದ್ದೇ ಮುಳುವಾಯಿತು. ಆ ಸೀಮೆಯಿಂದ ಕೂಲಿ ಹುಡುಕಿಕೊಂಡು ಬಂದವರು ರೈಲಿನಿಂದ ಇಳಿದು, ಮೊದಲು ದೊರೆಗಳ ಹೊಸ್ತಿಲಿಗೆ ಹಣೆ ಮುಟ್ಟಿಸಿ, ಆಮೇಲೆ ಕೆಲಸದ ಕಡೆ ಹೋಗುತ್ತಿದ್ದರು. ಚಿಕ್ಕ ಹುಡುಗಿ ವಿಜಯಶ್ರೀ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂರಬೇಕು. ಅವರು ಬೆರಳ ತುದಿಯಿಂದ ಅವಳ ಪಾದ ಸೋಕಿ ಕಣ್ಣಿಗೊತ್ತಿಕೊಳ್ಳಬೇಕು. ಕೆಲವರ ಬೆರಳು ನಡುಗುತ್ತಿತ್ತು. ಅದನ್ನು ನೆನೆದರೆ ಇಪ್ಪತ್ತಾರರ ಈ ವಯಸ್ಸಿನಲ್ಲೂ ಅವಳಿಗೆ ಕಾಲು ಮಡಚಿ ಬಚ್ಚಿಟ್ಟುಕೊಳ್ಳಬೇಕೆನಿಸುತ್ತದೆ.

"ರಾಜರ ಮಂದಿ ಕುದರಿ ಹತ್ತತಾರ, ಟೆನಿಸ್ ಆಡ್ತಾರ. ನೀ ಮಣ್ಣಾಗ ಉರುಳ್ಯಾಡ್ತಿ" ಎಂದು ಅಪ್ಪಾಜಿ ಪೇಪರಿನಿಂದ ತಲೆ ಎತ್ತದೆ ಅನ್ನುತ್ತಿದ್ದರು. ಅವಳಿಗೆ ಹಗಲೆಲ್ಲ ಮಾದಾಪುರದ ಗಾಜಿನ ಕಟ್ಟಡವೊಂದರಲ್ಲಿ ಯಾರೋ ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ; ಬೆಳಗ್ಗೆ ಐದಕ್ಕೆ ಎದ್ದು ಕಬಡ್ಡಿ ಅಂಕಣ. ರಾಜ್ಯ ತಂಡದ ಆಯ್ಕೆಯಲ್ಲಿ ಎರಡು ಸಲ ಬಿದ್ದಿದ್ದಳು. ಈ ಸಲವೂ ಬಿದ್ದರೆ ಮತ್ತೆ ಕರೆಯುವುದಿಲ್ಲವೆಂದು ಕೋಚ್ ಸೂರ್ಯನಾರಾಯಣ ಮುಖಕ್ಕೆ ಹೇಳಿಬಿಟ್ಟಿದ್ದ. ಹುಟ್ಟಿನಿಂದ ಬಂದದ್ದಲ್ಲದ ಒಂದು ಜಾಗ, ತಂಡದ ಹನ್ನೆರಡರಲ್ಲಿ ಒಂದು. ಅವಳಿಗೆ ಬೇಕಿದ್ದದ್ದು ಅದೊಂದೇ.

ಆಯ್ಕೆ ಎರಡು ದಿನದ್ದು, ಎರಡೂ ದಿನದ ಪಾಯಿಂಟ್ ಕೂಡಿಸಿ ಪಟ್ಟಿ. ಮೊದಲ ದಿನ ಎದುರು ತಂಡದಲ್ಲಿ ಹೈದರಾಬಾದಿನದೇ ನಾಚಾರಂ ಬಡಾವಣೆಯ ಬಿಸ್ಕೆಟ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಗುರುದೇವಿ ಎಂಬ ಹುಡುಗಿಯಿದ್ದಳು. ಕುಳ್ಳಿ, ಗಟ್ಟಿ ಆಳು. ಮೂಲೆಯಲ್ಲಿ ಬಗ್ಗಿ ನಿಂತು, ರೇಡಿಗೆ ಬಂದವರ ಕಾಲಿಗೆ ಕೈ ಹಾಕಿದಳೆಂದರೆ ಮುಗಿಯಿತು, ಇಕ್ಕಳ. ಅಂಥವಳ ಕೈಯಿಂದ ವಿಜಯಶ್ರೀ ಐದು ಸಲ ಬಿಡಿಸಿಕೊಂಡು ಬಂದಳು. ಐದನೆಯ ಸಲ ನಡುಗೆರೆ ಮುಟ್ಟಿದಾಗ ಜೊತೆಯವರು, "ಕ್ಯಾ ಬೇಗಂ ಸಾಹಿಬಾ, ಕಾಲಿಗೆ ಎಣ್ಣೆ ಹಚ್ಚಿಕೊಂಡು ಬಂದೀಯೇನು?" ಎಂದು ಬೆನ್ನಿಗೆ ಗುದ್ದಿದರು. ಗುರುದೇವಿ ಪ್ರತಿ ಸಲವೂ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬೆವರಿರಬೇಕು ಎಂದುಕೊಂಡಿದ್ದಳು ವಿಜಯಶ್ರೀ.

ಆಟ ಮುಗಿದು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ, ಮೈಯೆಲ್ಲ ಸಿಮೆಂಟಾದ ಮುದುಕನೊಬ್ಬ ಬಂದು ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡು ನಿಂತ. ಹಾಗೆ ನಿಲ್ಲುವವರು ಯಾವ ಸೀಮೆಯವರೆಂದು ಅವಳಿಗೆ ಕೇಳಬೇಕಾಗಿರಲಿಲ್ಲ.

"ನಾ ಹುಸೇನಪ್ಪರಿ, ಬಿಲ್ಲಗುಡ್ಡದಾಂವ. ಗುರುದೇವಿ ನನ್ನ ಮಗಳ್ರಿ ತಾಯಿ" ಎಂದ. ಹಿಂದೆ ಗುರುದೇವಿ ನೆಲ ನೋಡುತ್ತ ನಿಂತಿದ್ದಳು. "ನಿಮ್ಮ ಹೆಸರು ಪಟ್ಟಿಯೊಳಗ ನೋಡಿದ ಕೂಡ್ಲೆ ಇಕಿಗೆ ಹೇಳೀನ್ರಿ. ನಮ್ಮ ಮುತ್ತಜ್ಜನ ಕಾಲದಿಂದ ಮುಗದ ಪಾದ ಅವು, ಅವನ್ನ ಜಗ್ಗಿ ಕೆಡವಿದ್ರ ನಮ್ಮ ಮನಿಗೆ ಒಳ್ಳೇದಲ್ಲವ್ವಾ ಅಂತ. ಇಕಿ ಕೈಲೆ ಆಣಿ ಮಾಡಿಸೀನ್ರಿ."

ಅವನ ಮುಖದಲ್ಲಿ ಎಂಥ ಹೆಮ್ಮೆ! ದೊಡ್ಡ ಕಾಣಿಕೆಯೊಂದನ್ನು ಒಪ್ಪಿಸಿದವನ ಹಾಗೆ ಕೈಮುಗಿದು ಹೋದ. ವಿಜಯಶ್ರೀ ನಲ್ಲಿ ನಿಲ್ಲಿಸಿದಳು. ಹಾಗಾದರೆ ಗುರುದೇವಿ ಒರೆಸಿಕೊಂಡದ್ದು ಬೆವರಲ್ಲ. ಹಿಡಿದು, ಬಿಟ್ಟು, ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡಿದ್ದಾಳೆ, ಐದು ಸಲವೂ.

"ನಾಳಿ ಹಿಡಿ" ಎಂದಳು, ಅಲ್ಲೇ ಉಳಿದಿದ್ದ ಗುರುದೇವಿಗೆ.

"ಆಣಿ ಐತ್ರಿ."

"ನಿನ್ನ ಆಟ ಹಾಳಾಗತೈತಿ. ನಂದೂ."

"ಗೊತ್ತೈತ್ರಿ." ಗುರುದೇವಿ ಕಾಲಿನ ಹೆಬ್ಬೆರಳಿಂದ ಮಣ್ಣು ಕೆದರಿದಳು. "ರಾತ್ರಿ ಪಾಳಿ ಮುಗಿಸಿ, ನಿದ್ದಿಗೆಟ್ಟು ಪ್ರಾಕ್ಟೀಸ್ ಮಾಡೀನ್ರಿ ನಾನೂ. ಖರೆ ಅಪ್ಪನ ಮಾತು..."

"ಹಂಗಾದ್ರ ಇದು ನನ್ನ ಅಪ್ಪಣೆ."

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಹುಟ್ಟಿದಾಗಿನಿಂದ ಆ ಶಬ್ದವನ್ನು ಅವಳು ಬಾಯಿಂದ ಆಡಿರಲಿಲ್ಲ. ಗುರುದೇವಿಯ ಮುಖ ಮಾತ್ರ ಹೊರೆ ಇಳಿಸಿದ ಹಾಗೆ ಹಗುರಾಯಿತು.

"ಅಪ್ಪಣೆ ಆತಂದ್ರ ಹಿಡೀತೀನ್ರಿ. ಅಪ್ಪಗೂ ಹೇಳ್ತೀನಿ."

ಮರುದಿನ ಹಿಡಿದಳು. ಮೊದಲ ಸಲ ವಿಜಯಶ್ರೀ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬಿದ್ದಳು. ಎರಡನೆಯ ಸಲ ನಡುಗೆರೆ ಗೇಣುದ್ದದಲ್ಲಿತ್ತು, ಬೆರಳು ಚಾಚಿದಳು, ಆಗಲಿಲ್ಲ. ಮೂರನೆಯ ಸಲ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒದ್ದಳು. ಆ ಕೈ ಸಡಿಲಲಿಲ್ಲ. ಮಣ್ಣಿನಲ್ಲಿ ಅಂಗಾತ ಬಿದ್ದು ಉಸಿರು ಕಟ್ಟಿಕೊಂಡಿದ್ದಾಗಲೂ, ಶಾಲೆಯ ಹುಡುಗಿಯ ಹಾಗೆ ನಕ್ಕಳು. ಸೋತದ್ದು ನಿಜದ ಸೋಲು. ಇನ್ನು ಮನೆಗೆ ಹೋಗಬಹುದು, ಅಷ್ಟೆ.

ಮಧ್ಯಾಹ್ನ ಪಟ್ಟಿ ಅಂಟಿಸಿದರು. ಹನ್ನೆರಡನೆಯ ಹೆಸರು ವಿಜಯಶ್ರೀ. ಒಂದು ಪಾಯಿಂಟ್ ಕಡಿಮೆಯಾಗಿ ಗುರುದೇವಿ ಹದಿಮೂರನೆಯವಳು. ಮೊದಲ ದಿನದ ಆ ಐದು ಪಾಯಿಂಟ್ ವಿಜಯಶ್ರೀಯನ್ನು ಎತ್ತಿ ಒಳಗೆ ಕೂರಿಸಿದ್ದವು.

ಅವಳು ಸೀದಾ ಆಫೀಸ್ ಕೋಣೆಗೆ ಹೋದಳು. ಸೂರ್ಯನಾರಾಯಣ ಚಹಾ ಬಸಿಯಲ್ಲಿ ಹುಯ್ದುಕೊಂಡು ಕುಡಿಯುತ್ತಿದ್ದ.

"ಸರ್, ನಿನ್ನೆಯ ನನ್ನ ಪಾಯಿಂಟುಗಳು ಸರಿಯಲ್ಲ."

"ಏಮ್ಮಾ ರಾಣಿಗಾರು, ರೆಫ್ರಿ ಕೊಟ್ಟದ್ದನ್ನ ನೀನು ಬೇಡ ಅಂತೀಯಾ?" ಬಸಿ ಕೆಳಗಿಟ್ಟ. ಒಮ್ಮೆಲೇ ಅವನ ಕಣ್ಣು ಸಣ್ಣದಾಯಿತು. "ಆ ನಾಚಾರಂ ಹುಡುಗಿ ಬೇಕಂತ ಬಿಟ್ಟಳಾ? ನನಗೂ ಅನುಮಾನ ಬಂದಿತ್ತು. ಬಾಯಿಬಿಟ್ಟು ಹೇಳು. ಆಟ ಬಿಟ್ಟುಕೊಟ್ಟವರನ್ನ ನಾನು ಜನ್ಮದಲ್ಲಿ ಮತ್ತೆ ಅಂಕಣಕ್ಕೆ ಸೇರಿಸಲ್ಲ."

ಆಗಲೇ ವಿಜಯಶ್ರೀಗೆ ಹೊಳೆಯಿತು. ತನ್ನನ್ನು ತೊಳೆದುಕೊಳ್ಳಲು ಹೋದರೆ ಆ ಕೊಳೆಯೆಲ್ಲ ಗುರುದೇವಿಯ ಮೈಮೇಲೆ. ಯಾಕೆ ಬಿಟ್ಟಳು ಎಂದು ಈತನಿಗೆ ತಿಳಿಹೇಳುವುದು ಹೇಗೆ? ಹೇಳಿದರೂ ನಕ್ಕಾನು.

"ಅದಲ್ಲ ಸರ್. ನನ್ನ ಮೊಣಕಾಲಿಗೆ ಪೆಟ್ಟಾಗಿದೆ. ಕ್ಯಾಂಪಿಗೆ ಬರಲಾರೆ."

ಆತ ಕುರ್ಚಿಗೊರಗಿ ನಕ್ಕ. "ರಾಣಿಯವರ ಪಾದಕ್ಕೆ ಮಣ್ಣು ಒಗ್ಗಲ್ಲ ಅಂತ ನಾನು ಎಂದೋ ಹೇಳಿದ್ದೆ" ಎನ್ನುತ್ತ ಕೆಂಪು ಪೆನ್ನಿನಿಂದ ಅವಳ ಹೆಸರು ಹೊಡೆದು ಹಾಕಿದ. ಇಷ್ಟು ವರ್ಷ ಯಾವ ಮಾತು ಕೇಳಬಾರದೆಂದು ಬೆಳಗಾಗೆದ್ದು ಓಡಿದ್ದಳೋ ಅದೇ ಮಾತು. ಅವಳು ತಲೆ ಬಗ್ಗಿಸಿ ಹೊರಗೆ ಬಂದಳು.

ವರಾಂಡದಲ್ಲಿ ಗುರುದೇವಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮಂಡಿಯೂರಿ, ವಿಜಯಶ್ರೀಯ ಮೊಣಕಾಲನ್ನು ಎರಡೂ ಹೆಬ್ಬೆರಳಿನಿಂದ ಒತ್ತಿದಳು. ಒಂದು ಕಾಲು, ಆಮೇಲೆ ಇನ್ನೊಂದು. ಬೆರಳು ನಡುಗಲಿಲ್ಲ. ವಿಜಯಶ್ರೀ ನೋವಿನ ಮುಖ ಮಾಡಲು ನೋಡಿದಳು, ತಡವಾಗಿತ್ತು.

"ಏನೂ ಆಗಿಲ್ಲ" ಎಂದಳು ಗುರುದೇವಿ, ಎದ್ದು ನಿಂತು. "ನಿನ್ನೆ ನಾ ನಿಮಗ ಪಾಯಿಂಟ್ ದಾನ ಕೊಟ್ಟೆ. ಇವತ್ತ ನೀವು ನನಗ ಜಾಗ ದಾನ ಕೊಟ್ರಿ. ಹೌದಲ್ರಿ?"

"ದಾನ ಅಲ್ಲ. ನಿನ್ನ ಜಾಗ ಅದು."

"ಅದನ್ನೂ ನೀವ ಹೇಳಬೇಕೇನ್ರಿ?"

ಒಳಗಿನಿಂದ ಸೂರ್ಯನಾರಾಯಣ, "ಗುರುದೇವಿ ಯಾರಮ್ಮಾ? ಫಾರಂ ತುಂಬಬೇಕು" ಎಂದು ಕೂಗಿದ.

ಗುರುದೇವಿ ಅಲ್ಲಾಡಲಿಲ್ಲ. "ಹೋಗ್ಲೋ ಬ್ಯಾಡೋ?" ಎಂದು ಕೇಳಿದಳು. ಸಿಟ್ಟಿನಲ್ಲೇ ಕೇಳಿದಳು, ಆದರೂ ಕೇಳಿದಳು. ಹೋಗೆಂದರೆ ಅಪ್ಪಣೆ, ಬೇಡವೆಂದರೆ ಅದೂ ಅಪ್ಪಣೆ. ಹೂಂ ಎಂದು ತಲೆಯಾಡಿಸಿದರೂ ಸಾಕು, ಈ ಹುಡುಗಿ ಬದುಕಿರುವವರೆಗೆ ದೊರಸಾನಿ ಕೊಟ್ಟ ಜಾಗದಲ್ಲಿ ಆಡುತ್ತಾಳೆ. ವಿಜಯಶ್ರೀ ಗೋಡೆಯ ಕಡೆ ತಿರುಗಿ ನಿಂತಳು, ತನ್ನ ಕಣ್ಣಿನಲ್ಲೂ ಅವಳಿಗೆ ಯಾವ ಅಪ್ಪಣೆಯೂ ಕಾಣದಿರಲೆಂದು. ಸುಣ್ಣ ಉದುರಿದ ಗೋಡೆ ಮೂಗಿಗೆ ತಾಗುವಷ್ಟು ಹತ್ತಿರವಿತ್ತು.

ಒಳಗಿನಿಂದ ಮತ್ತೊಮ್ಮೆ ಕೂಗು. ಆಮೇಲೆ ಬರಿಗಾಲಿನ ಸಪ್ಪಳ, ಬಾಗಿಲು ಕಿರ್ರೆಂದದ್ದು.

"ತಂದೆ ಹೆಸರು?"

"ಹುಸೇನಪ್ಪ."

"ಊರು?"

ಬಿಲ್ಲಗುಡ್ಡ ಎನ್ನುತ್ತಾಳೆಂದೇ ವಿಜಯಶ್ರೀ ಕಾದಳು.

"ನಾಚಾರಂ" ಎಂದಳು ಗುರುದೇವಿ. ಬಾಗಿಲಾಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಎಂದಳು.

ಗೋಡೆಗೆ ಹಣೆ ಹಚ್ಚಿ ವಿಜಯಶ್ರೀ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.